ಬಿ450 ಬೋರ್ಡಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಮೂರರಲ್ಲಿ ಒಂದನ್ನು ಆರಿಸಿ ಕೂರಿಸಿದ ಬಗೆ

ಯಂತ್ರ ಹೀಗಿದೆ: ರೈಜನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್ ಕಡ್ಡಿ, 550 ವ್ಯಾಟ್‌ನ ಎಸ್‌ಎಂಪಿಎಸ್, ಮುಂಭಾಗದಲ್ಲಿ ಪ್ರೊಸೆಸರ್ ತಣಿಸುವ 240 ಎಂಎಂ ರೇಡಿಯೇಟರ್ ಇರುವ ಮಿಡ್ ಟವರ್ ಕ್ಯಾಬಿನೆಟ್, 1440ಪಿ 144 ಹರ್ಟ್ಸ್ ಮಾನಿಟರ್. ಸದ್ಯ ಒಳಗಿರುವುದು ಎನ್‌ವಿಡಿಯಾ ಕಂಪನಿಯ, 6 ಜಿಬಿ ಮೆಮೊರಿಯ ಜಿಟಿಎಕ್ಸ್ 1660 ಸೂಪರ್. ಅದರ ಜಾಗಕ್ಕೆ ಬರಬಹುದಾದವುಗಳಲ್ಲಿ ಕೊನೆಗೆ ಉಳಿದದ್ದು ಮೂರು: ಎನ್‌ವಿಡಿಯಾದ್ದೇ 8 ಜಿಬಿಯ ಆರ್‌ಟಿಎಕ್ಸ್ 5060 ಟಿಐ, ಅದರದೇ 16 ಜಿಬಿ ಆವೃತ್ತಿ, ಮತ್ತು ಎಎಂಡಿ ಕಂಪನಿಯ ರೇಡಿಯಾನ್ ಸಾಲಿನ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ. ಮೂರೂ 2025ರ ಏಪ್ರಿಲ್‌ನಿಂದ ಜೂನ್ ಒಳಗೆ ಬಂದವು, ಮೂರೂ ಒಂದೇ ದರ್ಜೆಯವು. ಹೊಸ ಬೋರ್ಡಿನ ಮೇಲೆ ಕೂರಿಸಿ, ಮೆಮೊರಿ ತುಂಬದ ಆಟಗಳಲ್ಲಿ ಅಳೆದರೆ ಇವುಗಳ ನಡುವಿನ ಅಂತರ ಚಿಕ್ಕದು. ಇಲ್ಲಿ ಕಾರ್ಡ್ ಕೂರಬೇಕಿರುವುದು ಹಳೇ ಬೋರ್ಡಿನ ಮೇಲೆ, ಹಾಗಾಗಿ ಲೆಕ್ಕವೇ ಬೇರೆ.

ಮೊದಲು ಸ್ಲಾಟು

ಬಿ450 ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ ಪಿಸಿಐಇ 3.0, ಅಂದರೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿಯ ಮೂರನೇ ಪೀಳಿಗೆ. ಪ್ರೊಸೆಸರ್‌ಗೆ 4.0 ಬರುತ್ತದೆ, ಆದರೆ ಬೋರ್ಡ್ ಬಿಡುವುದಿಲ್ಲ. ಆ ದಾರಿ ಲೇನ್ ಎಂಬ ಸಾಲುಗಳಿಂದ ಆದದ್ದು; 3.0ದಲ್ಲಿ ಒಂದು ಲೇನ್‌ಗೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 0.985 ಜಿಬಿ ಹಾಯುತ್ತದೆ. ಪ್ರತಿ ಹೊಸ ಪೀಳಿಗೆಯಲ್ಲಿ ಇದು ದುಪ್ಪಟ್ಟು.

5060 ಟಿಐ ಕಾರ್ಡಿನ ಚಿನ್ನದ ಬಣ್ಣದ ಅಂಚು ಪೂರ್ತಿ ಉದ್ದವಾಗಿದ್ದರೂ ಕೆಲಸ ಮಾಡುವುದು 8 ಲೇನ್ ಮಾತ್ರ. ಪಿಸಿಐಇ 5.0 ಬೋರ್ಡಿನಲ್ಲಿ 8 ಲೇನ್ ಅಂದರೆ 31.5 ಜಿಬಿ, ಅಲ್ಲಿ ಯಾವ ಕೊರತೆಯೂ ಕಾಣದು. ಅದೇ ಕಾರ್ಡ್ ಬಿ450 ಮೇಲೆ ಕೂತರೆ ಸಿಗುವುದು 7.9 ಜಿಬಿ. 9060 ಎಕ್ಸ್‌ಟಿಗೆ 16 ಲೇನ್ ಇದೆ; ಇದೇ ಸ್ಲಾಟಿನಲ್ಲಿ ಅದಕ್ಕೆ 15.75 ಜಿಬಿ ಸಿಗುತ್ತದೆ.

ಆಟಕ್ಕೆ ಬೇಕಾದ ಚಿತ್ರ, ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹಚ್ಚುವ ಚಿತ್ರ), ಬಫರ್ ಎಲ್ಲವೂ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿದರೆ ಸ್ಲಾಟಿನಲ್ಲಿ ಓಡಾಟ ಕಡಿಮೆ, ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಮೆಮೊರಿ ತುಂಬಿ ತುಳುಕಿದಾಗ ಬಣ್ಣ ಬಯಲಾಗುತ್ತದೆ. ಹಿಡಿಯದೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಕೂರುತ್ತದೆ, ಬೇಕಾದಾಗಲೆಲ್ಲ ಸ್ಲಾಟಿನ ಮೂಲಕ ಹೋಗಿ ಬರಬೇಕು. 5060 ಟಿಐನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 448 ಜಿಬಿ. ಅದರ ಪಕ್ಕದಲ್ಲಿ 7.9 ಅಂದರೆ ಕೆರೆಯ ನೀರನ್ನು ಚೊಂಬಿನಲ್ಲಿ ಮೊಗೆದಂತೆ.

ಇದು ತೆರೆಯ ಮೇಲೆ ಹೇಗೆ ಕಾಣುತ್ತದೆ ಎಂದು ತಿಳಿದಿರಲಿ, ಏಕೆಂದರೆ ಸರಾಸರಿ ಫ್ರೇಮ್ ಸಂಖ್ಯೆ (ಸೆಕೆಂಡಿಗೆ ಎಷ್ಟು ಚಿತ್ರ) ಇದನ್ನು ಮುಚ್ಚಿಡುತ್ತದೆ. ಸರಾಸರಿ 70 ಇದ್ದರೂ ತಿರುವಿನಲ್ಲಿ ಕ್ಯಾಮೆರಾ ತಿರುಗಿಸಿದ ಕ್ಷಣಕ್ಕೆ ಆಟ ಮುಗ್ಗರಿಸುತ್ತದೆ. 60 ಫ್ರೇಮ್‌ಗೆ ಒಂದೊಂದು ಚಿತ್ರಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್; ಮೆಮೊರಿ ತುಂಬಿದ ಕಾರ್ಡಿನಲ್ಲಿ ನಡುನಡುವೆ ಒಂದು ಚಿತ್ರಕ್ಕೆ 50, 80 ಮಿಲಿಸೆಕೆಂಡ್ ಹಿಡಿಯಬಹುದು. ಇನ್ನು ಕೆಲವು ಆಟಗಳು ಮುಗ್ಗರಿಸುವ ಬದಲು ಗೋಡೆಯ ಟೆಕ್ಸ್ಚರನ್ನೇ ಕೆಳದರ್ಜೆಗೆ ಇಳಿಸಿ ಮಸುಕಾಗಿ ತೋರಿಸುತ್ತವೆ. ಫ್ರೇಮ್ ಸಂಖ್ಯೆ ಚೆನ್ನಾಗಿಯೇ ಇರುತ್ತದೆ, ಗುಣಮಟ್ಟ ಕೆಟ್ಟಿರುತ್ತದೆ. ಅನುಮಾನ ಬಂದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ ತೆರೆಯಿರಿ. ಡೆಡಿಕೇಟೆಡ್ ಮೆಮೊರಿ ಮಿತಿಗೆ ತಾಗಿ ನಿಂತು, ಶೇರ್ಡ್ ಮೆಮೊರಿಯ ಗೆರೆ ಮೇಲೇರುತ್ತಿದ್ದರೆ ತುಳುಕಿದೆ ಎಂದೇ ಅರ್ಥ.

1440ಪಿ, ಹೈ ಟೆಕ್ಸ್ಚರ್, ಮೇಲೆ ರೇ ಟ್ರೇಸಿಂಗ್ (ಬೆಳಕಿನ ಹಾದಿಯನ್ನು ಲೆಕ್ಕ ಹಾಕಿ ತೋರಿಸುವುದು), ಅದರ ಮೇಲೆ ಫ್ರೇಮ್ ಜನರೇಷನ್ (ಎರಡು ಚಿತ್ರಗಳ ನಡುವೆ ಕಾರ್ಡೇ ಹೊಸ ಚಿತ್ರ ಸೇರಿಸುವುದು): ಪ್ರತಿಯೊಂದೂ ಮೆಮೊರಿ ಕೇಳುತ್ತದೆ. ಫ್ರೇಮ್ ಜನರೇಷನ್ ಪುಕ್ಕಟೆ ಫ್ರೇಮ್ ಎಂದು ತಿಳಿದವರು ಗಮನಿಸಬೇಕಾದ್ದು ಇದನ್ನೇ. ಅದು ಚಲಿಸಲು ಕೂಡ ವಿಡಿಯೊ ಮೆಮೊರಿ ಬೇಕು, ತುಂಬಿದ ಕಾರ್ಡಿನಲ್ಲಿ ಅದನ್ನು ಚಾಲೂ ಮಾಡಿದರೆ ಆಟ ಇನ್ನಷ್ಟು ನಿಧಾನವಾಗಬಹುದು. ಇದರ ಜೊತೆಗೆ ವಿಂಡೋಸ್ ಮತ್ತು ತೆರೆದಿಟ್ಟ ಬ್ರೌಸರ್ ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತವೆ. ಹಾಗಾಗಿ 8 ಜಿಬಿ, 8 ಲೇನ್, ಪಿಸಿಐಇ 3.0 ಮೂರೂ ಒಂದೆಡೆ ಸೇರುವುದು ಈ ಯಂತ್ರಕ್ಕೆ ಆಗಿಬರುವುದಿಲ್ಲ. 8 ಜಿಬಿಯ 5060 ಟಿಐ ಪಟ್ಟಿಯಿಂದ ಹೋಯಿತು. 1080ಪಿಯಲ್ಲಿ ಸ್ಪರ್ಧಾತ್ಮಕ ಆಟಗಳನ್ನು ಮಾತ್ರ ಆಡುವ ಯಂತ್ರವಾಗಿದ್ದರೆ ಅದು ಉಳಿಯುತ್ತಿತ್ತು.

ಉಳಿದ ಎರಡು

16 ಜಿಬಿ ಅಂದ ಮಾತ್ರಕ್ಕೆ ಕಾರ್ಡ್ ವೇಗ ಹೆಚ್ಚಿತು ಎಂದಲ್ಲ. ಗ್ರಾಫಿಕ್ಸ್ ಚಿಪ್ಪನ್ನೂ ಮೆಮೊರಿಯನ್ನೂ ಜೋಡಿಸುವ 128 ಬಿಟ್ ಬಸ್‌ಗೆ 32 ಬಿಟ್‌ನ ನಾಲ್ಕು ಮೆಮೊರಿ ಚಿಪ್ ಹಿಡಿಸುತ್ತದೆ. ತಲಾ 2 ಜಿಬಿ ಇಟ್ಟರೆ 8. ಅದನ್ನು 16 ಮಾಡಲು ಬೋರ್ಡಿನ ಹಿಂಬದಿಗೂ ನಾಲ್ಕು ಚಿಪ್ ಅಂಟಿಸಿ, ಎದುರುಬದುರು ಇರುವ ಎರಡೆರಡು ಚಿಪ್ ಒಂದೇ ದಾರಿಯನ್ನು ಹಂಚಿಕೊಳ್ಳುವಂತೆ ಮಾಡುತ್ತಾರೆ. ಜಾಗ ದುಪ್ಪಟ್ಟಾಗುತ್ತದೆ, ವೇಗ ಅಷ್ಟೇ ಇರುತ್ತದೆ. ಇದರಿಂದ ಕೊಳ್ಳುವಾಗ ನೋಡಬೇಕಾದ ಒಂದು ಸಂಗತಿ ಹುಟ್ಟುತ್ತದೆ: ಹಿಂಬದಿಯ ಚಿಪ್‌ಗಳಿಗೆ ಫ್ಯಾನ್ ಗಾಳಿ ನೇರ ತಾಗುವುದಿಲ್ಲ. ಲೋಹದ ಬ್ಯಾಕ್‌ಪ್ಲೇಟ್ ಇದ್ದು, ಚಿಪ್‌ಗೂ ಅದಕ್ಕೂ ನಡುವೆ ಥರ್ಮಲ್ ಪ್ಯಾಡ್ ಇದ್ದರೆ ಶಾಖ ಹೊರಬೀಳುತ್ತದೆ. ಪ್ಲಾಸ್ಟಿಕ್ ಬ್ಯಾಕ್‌ಪ್ಲೇಟ್ ಹಾಕಿದ ಮಾದರಿಗಳನ್ನು 16 ಜಿಬಿ ಕಾರ್ಡಿನಲ್ಲಿ ಬಿಡುವುದೇ ಒಳ್ಳೆಯದು.

ಮೆಮೊರಿ ವೇಗದ ಅಂಕಿ ನೋಡಿ ತೀರ್ಮಾನಕ್ಕೆ ಬರುವವರಿಗೆ ಈ ಹಳೇ 1660 ಸೂಪರೇ ಪಾಠ. ಅದರದು 192 ಬಿಟ್ ಬಸ್, ಸೆಕೆಂಡಿಗೆ 336 ಜಿಬಿ. 9060 ಎಕ್ಸ್‌ಟಿಯದು 320. ಅಂಕಿಯಲ್ಲಿ ಹಳೆಯದೇ ಮುಂದು, ಆಟದಲ್ಲಿ ಹೊಸದರ ಹತ್ತಿರಕ್ಕೂ ಬರುವುದಿಲ್ಲ. ಹೊಸದರ ಚಿಪ್ಪಿನೊಳಗೆ 32 ಎಂಬಿ ಇನ್ಫಿನಿಟಿ ಕ್ಯಾಶ್ ಇದೆ, ಪದೇ ಪದೇ ಬೇಕಾಗುವುದು ಅಲ್ಲೇ ಸಿಗುತ್ತದೆ. ಹಳೆಯದರ ಎಲ್2 ಕ್ಯಾಶ್ ಬರೀ 1.5 ಎಂಬಿ. ಅದೇ ಕಾರಣಕ್ಕೆ 5060 ಟಿಐನ 448ನ್ನೂ 9060 ಎಕ್ಸ್‌ಟಿಯ 320ನ್ನೂ ಎದುರುಬದುರು ಇಟ್ಟು ಶೇಕಡಾವಾರು ತೆಗೆಯಬೇಡಿ. 5060 ಟಿಐನ 4608 ಕುಡಾ ಕೋರ್, 9060 ಎಕ್ಸ್‌ಟಿಯ 2048 ಸ್ಟ್ರೀಮ್ ಪ್ರೊಸೆಸರ್ ಎಂಬ ಎಣಿಕೆಗೂ ಇದೇ ಮಾತು. ಎರಡು ಕಂಪನಿಗಳ ಎಣಿಕೆಯ ರೀತಿ ಬೇರೆ. ಒಂದೇ ಕಂಪನಿಯ ಒಂದೇ ಪೀಳಿಗೆಯೊಳಗೆ ಮಾತ್ರ ಹೋಲಿಸಬಹುದು.

ಎರಡರ ನಡುವೆ ತೂಗುವಾಗ ಯಂತ್ರದ ಕೆಲಸ ಏನೆಂಬುದೇ ಮುಖ್ಯವಾಯಿತು. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವುದಿದ್ದರೆ, ಎನ್‌ವಿಡಿಯಾದ್ದೇ ಆದ ಕುಡಾ ಕೇಳುವ ಯಾವುದೇ ತಂತ್ರಾಂಶ ಇದ್ದರೆ, ಭಾರೀ ರೇ ಟ್ರೇಸಿಂಗ್ ಇರುವ ಆಟಗಳೇ ಹೆಚ್ಚಿದ್ದರೆ 5060 ಟಿಐ 16 ಜಿಬಿ ಸರಿ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ತಂತ್ರಗಳಲ್ಲಿ, ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇರುವ ಆಟಗಳ ಪಟ್ಟಿಯೂ ಎಎಂಡಿಯ ಎಫ್‌ಎಸ್‌ಆರ್ 4 ಪಟ್ಟಿಗಿಂತ ಉದ್ದ. 16 ಜಿಬಿ ಇರುವುದರಿಂದ 8 ಲೇನ್‌ನ ನೋವೂ ಅಪರೂಪವಾಗುತ್ತದೆ. ಈ ಯಂತ್ರದಲ್ಲಿ ನಡೆಯುವುದು ಆಟ ಮಾತ್ರ, ಬೋರ್ಡ್ ಇನ್ನೂ ಕೆಲ ವರ್ಷ ಇದೇ. ಆದ್ದರಿಂದ ಪೂರ್ತಿ 16 ಲೇನ್ ಇರುವ 9060 ಎಕ್ಸ್‌ಟಿ.

ಹೆಸರಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. 9060 ಎಕ್ಸ್‌ಟಿ ಹೆಸರಿನಲ್ಲೇ 8 ಜಿಬಿ ಕಾರ್ಡೂ ಇದೆ, ಡಬ್ಬಿ ಹೆಚ್ಚು ಕಡಿಮೆ ಒಂದೇ ಥರ. ಹಿಂದೆಯೂ ಹೀಗಾಗಿದೆ: ಆರ್‌ಟಿಎಕ್ಸ್ 3060 12 ಜಿಬಿಯಲ್ಲಿ 192 ಬಿಟ್, 360 ಜಿಬಿ ವೇಗ, ಅದೇ ಹೆಸರಿನ 8 ಜಿಬಿಯಲ್ಲಿ 128 ಬಿಟ್, 240. ಜಿಟಿಎಕ್ಸ್ 1060ರ 3 ಜಿಬಿ ಕಾರ್ಡಿನಲ್ಲಿ ಕೋರ್‌ಗಳೇ ಕಡಿಮೆ, 1280ರ ಬದಲು 1152. ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಬಿಟ್ಟು, ಪಾರ್ಟ್ ನಂಬರ್ ಓದಿ ತಯಾರಕರ ಪುಟದಲ್ಲಿ ಹೊಂದಿಸಿ ನೋಡಿ.

ಟೇಪು ಹಿಡಿದು

ಕ್ಯಾಬಿನೆಟ್ಟಿನ ಕೈಪಿಡಿ 320 ಎಂಎಂ ಕಾರ್ಡ್ ಹಿಡಿಸುತ್ತದೆ ಎನ್ನುತ್ತದೆ. ಅದು ಮುಂಭಾಗ ಖಾಲಿ ಇದ್ದಾಗಿನ ಮಾತು. ರೇಡಿಯೇಟರ್ 27 ಎಂಎಂ, ಅದರ ಫ್ಯಾನ್ 25 ಎಂಎಂ, ಒಟ್ಟು 52 ಕಳೆದರೆ ಉಳಿದದ್ದು 268. ಬೆರಳು ತೂರಿಸಿ ಕೂರಿಸಲು 10 ಎಂಎಂ ಬಿಟ್ಟರೆ 258. ಮೂರು ಫ್ಯಾನಿನ ಮಾದರಿಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಿದ್ದುಹೋದವು.

ಅಗಲವನ್ನೂ ಅಳೆಯಬೇಕು, ಅದನ್ನು ಮರೆಯುವವರೇ ಹೆಚ್ಚು. ಪವರ್ ಕನೆಕ್ಟರ್ ಕಾರ್ಡಿನ ಮೇಲಂಚಿನಲ್ಲಿ ಇರುತ್ತದೆ. ಅದರಿಂದ ಹೊರಟ ಕೇಬಲ್ ಬಾಗಲು ಕನಿಷ್ಠ 30-35 ಎಂಎಂ ಬೇಕು. ಇಲ್ಲದಿದ್ದರೆ ಪಕ್ಕದ ಗಾಜು ಕೇಬಲನ್ನು ಒತ್ತಿ ಹಿಡಿಯುತ್ತದೆ. ದಪ್ಪಕ್ಕೆ ಸ್ಲಾಟಿನ ಲೆಕ್ಕ: ಒಂದು ಸ್ಲಾಟ್ ಅಂದರೆ 20.32 ಎಂಎಂ, ಎರಡೂವರೆ ಸ್ಲಾಟಿನ ಕಾರ್ಡ್ ಸುಮಾರು 50 ಎಂಎಂ ದಪ್ಪ. ಕೆಳಗೆ ಎಸ್‌ಎಂಪಿಎಸ್ ಮುಚ್ಚಳಕ್ಕೂ ಫ್ಯಾನಿಗೂ ನಡುವೆ ಕನಿಷ್ಠ 20 ಎಂಎಂ ಉಳಿಯದಿದ್ದರೆ ಫ್ಯಾನಿಗೆ ಉಸಿರು ಸಾಲದು.

ಒಂದೇ ಚಿಪ್ಪಿನ ಬೇರೆ ಬೇರೆ ತಯಾರಕರ ಕಾರ್ಡುಗಳಲ್ಲಿ ಕಾರ್ಖಾನೆಯ ಓವರ್‌ಕ್ಲಾಕ್‌ಗೆ ಹೆಚ್ಚು ಹಣ ಸುರಿಯುವ ಅಗತ್ಯವಿಲ್ಲ. ಗಡಿಯಾರ ಶೇ. 3 ಹೆಚ್ಚಿದ್ದು ಫ್ರೇಮ್ ಕೂಡ ಅಷ್ಟೇ ಏರಿತು ಎಂದುಕೊಂಡರೂ 60 ಇದ್ದದ್ದು 62ಕ್ಕೂ ಮುಟ್ಟುವುದಿಲ್ಲ. ಹಣ ಕೊಡಬೇಕಾದ್ದು ಹೀಟ್‌ಸಿಂಕ್‌ಗೆ, ಒಳ್ಳೆಯ ಬೇರಿಂಗ್ ಇರುವ ಫ್ಯಾನಿಗೆ, ಲೋಹದ ಬ್ಯಾಕ್‌ಪ್ಲೇಟಿಗೆ. ಎರಡು ಫ್ಯಾನಿನ, ಬ್ಯಾಕ್‌ಪ್ಲೇಟಿನ ತುದಿಯಲ್ಲಿ ಗಾಳಿ ಹಾಯುವ ಕಿಂಡಿ ಇರುವ, 258ರೊಳಗಿನ ಮಾದರಿ ಆಯ್ಕೆಯಾಯಿತು.

ಎಸ್‌ಎಂಪಿಎಸ್ ಲೆಕ್ಕ ಸರಳ. 16 ಜಿಬಿ 9060 ಎಕ್ಸ್‌ಟಿಗೆ 160 ವ್ಯಾಟ್, 5600 ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 76, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಪಂಪ್, ಫ್ಯಾನ್ ಸೇರಿ 60 ಹಿಡಿಯಿರಿ. ಒಟ್ಟು 300ರ ಆಸುಪಾಸು. ಒಳ್ಳೆಯ ಗುಣಮಟ್ಟದ 550 ವ್ಯಾಟ್ ಧಾರಾಳವಾಯಿತು. ಕಾರ್ಡಿಗೆ ಬೇಕಿರುವುದು ಒಂದೇ 8 ಪಿನ್: ಅದರಿಂದ 150, ಸ್ಲಾಟಿನಿಂದ 75, ಒಟ್ಟು 225 ವ್ಯಾಟ್‌ವರೆಗೆ ದಾರಿ ಇದೆ. ಪ್ರೊಸೆಸರ್‌ಗೆ ಹೋಗುವ 8 ಪಿನ್ ನಡುವೆ ಸೀಳಿ 4+4 ಆಗುತ್ತದೆ, ಗ್ರಾಫಿಕ್ಸಿನದು 6+2. ಎರಡರ ತಂತಿಗಳ ಕ್ರಮ ತಿರುಗುಮುರುಗು, ಬಲವಂತವಾಗಿ ತುರುಕಿದರೆ ಶಾರ್ಟ್ ಆಗುತ್ತದೆ. ಇನ್ನೊಂದು ಕಡ್ಡಾಯ ಎಚ್ಚರಿಕೆ: ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ ಬೇರೊಂದು ಎಸ್‌ಎಂಪಿಎಸ್‌ನ ಕೇಬಲನ್ನು, ತುದಿ ಹೊಂದಿದರೂ, ಹಾಕಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಕ್ರಮಕ್ಕೆ ಯಾವ ಮಾನದಂಡವೂ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬದಲಾಗಿರಬಹುದು, ಕಾರ್ಡೂ ಬೋರ್ಡೂ ಒಟ್ಟಿಗೆ ಸುಡುತ್ತವೆ.

ಹಳೇ ಕಾರ್ಡ್ ಇರುವಾಗಲೇ ಮುಗಿಸಬೇಕಾದ್ದು

ಹೊಸ ಕಾರ್ಡ್ ಹಾಕಿದ ಮೇಲೆ ತೆರೆ ಕಪ್ಪಾಗಿ ಕೂರುವ ಎಷ್ಟೋ ಪ್ರಕರಣಗಳಲ್ಲಿ ಕಾರ್ಡ್ ಸರಿಯಾಗಿಯೇ ಇರುತ್ತದೆ, ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಹಳತಾಗಿರುತ್ತದೆ. ಆದ್ದರಿಂದ 1660 ಸೂಪರ್ ಕೆಲಸ ಮಾಡುತ್ತಿರುವಾಗಲೇ ಈ ಕ್ರಮ.

ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, ರಿಕವರಿ ಕೀ ಬೇರೆಡೆ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದರೆ ಅದು ಕೀ ಕೇಳುತ್ತದೆ. ಬೋರ್ಡಿನ ಹೊಸ ಬಯೋಸ್ ಹಾಕಿ. ಆಮೇಲೆ ವಿಂಡೋಸ್ ಇರುವ ಡ್ರೈವ್ ಹೊಸ ಜಿಪಿಟಿ ವಿಭಾಗ ಕ್ರಮದ್ದೋ ಹಳೇ ಎಂಬಿಆರಿನದೋ ಎಂದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿ. ಈ ಯಂತ್ರದ್ದು ಎಂಬಿಆರ್ ಇತ್ತು, ಅಂದರೆ ಹಳೇ ಯಂತ್ರಗಳ ಕ್ರಮವನ್ನು ಅನುಕರಿಸುವ ಸಿಎಸ್‌ಎಂ ದಾರಿಯಲ್ಲಿ ಏಳುತ್ತಿತ್ತು. ಅದನ್ನು ಹಾಗೇ ಬಿಟ್ಟು ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಸಲಕರಣೆಯನ್ನು ಮೊದಲು ಪರೀಕ್ಷೆಯ ರೂಪದಲ್ಲಿ ಓಡಿಸಿ, ದೋಷವಿಲ್ಲ ಎಂದಮೇಲೆ ಪರಿವರ್ತನೆ ಮಾಡಬೇಕು. ಇದಾದ ನಂತರವೇ ಬಯೋಸ್‌ನಲ್ಲಿ ಸಿಎಸ್‌ಎಂ ಆಫ್, ಅಬವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿ ಪ್ರೊಸೆಸರ್‌ಗೆ ಒಮ್ಮೆಗೇ ಸಿಗುವಂತೆ ಮಾಡುವ ಆಯ್ಕೆ) ಆನ್. ಹಳೇ ಬಯೋಸ್‌ಗಳಲ್ಲಿ ಕೊನೆಯ ಆಯ್ಕೆ ಇರುವುದೇ ಇಲ್ಲ. ಇದು ಇಲ್ಲದೆ ಹೊಸ ರೇಡಿಯಾನ್ ಕಾರ್ಡಿನ ಪೂರ್ತಿ ಶಕ್ತಿ ಸಿಗದು. ಬಯೋಸ್ ಹೊಸದಾದಾಗ ರ‍್ಯಾಮ್‌ನ ಎಕ್ಸ್‌ಎಂಪಿ (ಪೂರ್ತಿ ವೇಗದ ಸೆಟ್ಟಿಂಗ್) ಆರಿಹೋಗಿರುತ್ತದೆ, ಅದನ್ನೂ ಮತ್ತೆ ಹಾಕಿ.

ಕೊನೆಗೆ ಡ್ರೈವರ್. ಕಂಪನಿ ಬದಲಾಗುತ್ತಿರುವುದರಿಂದ ಹಳೆಯದನ್ನು ಬೇರುಸಹಿತ ತೆಗೆಯಬೇಕು: ಹೊಸ ಡ್ರೈವರ್ ಮೊದಲೇ ಇಳಿಸಿಟ್ಟು, ಇಂಟರ್ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡ್ರೈವರ್ ಅಳಿಸುವ ಡಿಡಿಯು ತಂತ್ರಾಂಶ ಓಡಿಸಿ ಯಂತ್ರ ಆಫ್ ಮಾಡಿ. ಇಂಟರ್ನೆಟ್ ಇದ್ದರೆ ವಿಂಡೋಸ್ ತನಗೆ ತೋಚಿದ ಡ್ರೈವರ್ ನಡುವೆ ತಂದು ಹಾಕುತ್ತದೆ.

ಕೂರಿಸುವಾಗ ಸಿಕ್ಕ ತೊಡಕು

ವೈರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸ ಶುರು. ಹಳೇ ಕಾರ್ಡ್ ತೆಗೆಯಲು ಒತ್ತಬೇಕಾದ, ಸ್ಲಾಟಿನ ತುದಿಯ ಕೊಂಡಿ ಕಾರ್ಡಿನ ಕೂಲರಿನ ಅಡಿ ಅಡಗಿರುತ್ತದೆ. ಬೆರಳು ತಲುಪದಿದ್ದರೆ ಮರದ ಕಡ್ಡಿಯಿಂದ ಒತ್ತಿ, ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ತಾಮ್ರದ ಗೆರೆ ಹರಿಯುತ್ತದೆ. ಹೊಸ ಕಾರ್ಡ್ ನೇರ ಇಳಿಸಿ ಕೊಂಡಿ ಟಕ್ ಅನ್ನುವವರೆಗೆ ಒತ್ತಿ, ನಂತರ ಸ್ಕ್ರೂ, ನಂತರ 6+2 ಕೇಬಲ್.

ಚಿತ್ರ ಬಂತು, ಡ್ರೈವರ್ ಕೂತಿತು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದು ಬಸ್ ಇಂಟರ್‌ಫೇಸ್ ಸಾಲಿನ ಪಕ್ಕದ ಪ್ರಶ್ನೆಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿದಾಗ ತೋರಿಸಿದ್ದು 3.0, 8 ಲೇನ್. ಸುಮ್ಮನಿರುವಾಗ ಪೀಳಿಗೆ 1.1ಕ್ಕೆ ಇಳಿದು ಕಾಣುವುದು ವಿದ್ಯುತ್ ಉಳಿತಾಯ, ಅದು ದೋಷವಲ್ಲ. ಹೊರೆಯಲ್ಲೂ ಲೇನ್ ಅರ್ಧವಿದ್ದರೆ ದೋಷವೇ. ಯಾವುದಕ್ಕಾಗಿ ಈ ಕಾರ್ಡ್ ಆರಿಸಿದ್ದೋ ಅದೇ ಇಲ್ಲ! ರೇಡಿಯಾನ್ ಕಾರ್ಡಿನೊಳಗೆ ಸ್ವಂತ ಪಿಸಿಐಇ ಸ್ವಿಚ್ ಇದ್ದು ಕೆಲವು ತಂತ್ರಾಂಶಗಳು ಅದರ ಒಳಬದಿಯ ಲಿಂಕನ್ನು ಓದುತ್ತವೆ, ಹಾಗಾಗಿ ಬಯೋಸ್‌ನ ಮಾಹಿತಿ ಪುಟದಲ್ಲೂ ತಾಳೆ ನೋಡಲಾಯಿತು. ಅಲ್ಲೂ 8.

ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಕಾರಣ ಕಂಡಿತು. ಬ್ರಾಕೆಟ್ ಕಡೆ ಕಾರ್ಡ್ ಪೂರ್ತಿ ಇಳಿದಿದೆ, ಆಚೆ ತುದಿಯಲ್ಲಿ ಚಿನ್ನದ ಅಂಚಿನ ಒಂದು ಎಂಎಂನಷ್ಟು ಗೆರೆ ಸ್ಲಾಟಿನ ಮೇಲೆ ಹೊಳೆಯುತ್ತಿದೆ. ಮದರ್‌ಬೋರ್ಡ್ ಕ್ಯಾಬಿನೆಟ್ಟಿನಲ್ಲಿ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಬ್ರಾಕೆಟ್ ಸ್ಕ್ರೂ ಬಿಗಿಯಾದಂತೆ ಅದು ಕಾರ್ಡಿನ ಒಂದು ತುದಿಯನ್ನು ಎಳೆದು ಇನ್ನೊಂದನ್ನು ಎತ್ತುತ್ತಿತ್ತು. 9 ರಿಂದ 16ರವರೆಗಿನ ಲೇನ್ ಇರುವುದು ಆ ಎದ್ದ ತುದಿಯಲ್ಲೇ. ಕಾರ್ಡ್ ತೆಗೆದು, ಬೋರ್ಡಿನ ಸ್ಕ್ರೂಗಳನ್ನೆಲ್ಲ ಅರ್ಧ ಸುತ್ತು ಸಡಿಲಿಸಿ, ಕಾರ್ಡನ್ನು ಮತ್ತೆ ಕೂರಿಸಿ ಬ್ರಾಕೆಟ್ ಹೊಂದಿಸಿಕೊಂಡು, ಮೊದಲು ಬೋರ್ಡಿನ ಸ್ಕ್ರೂ ಬಿಗಿದು ಆಮೇಲೆ ಬ್ರಾಕೆಟ್ ಸ್ಕ್ರೂ ಬಿಗಿದಾಗ 16 ಲೇನ್ ಬಂತು. ಅಂಚಿನಲ್ಲಿ ಬೆರಳ ಜಿಡ್ಡಿದ್ದರೂ ಹೀಗೇ ಆಗುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನಾರುಬಿಡದ ಬಟ್ಟೆಯಿಂದ ಒರೆಸಿದರೆ ಸಾಕು, ರಬ್ಬರ್ ಉಜ್ಜಬೇಡಿ.

ಪರೀಕ್ಷೆ ಮತ್ತು ವೋಲ್ಟೇಜು

ಹೊಸ ಡ್ರೈವರಿನ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಶೇಡರ್ (ಚಿತ್ರ ಬಿಡಿಸುವ ಚಿಕ್ಕ ಪ್ರೋಗ್ರಾಂ) ಕ್ಯಾಶ್ ಖಾಲಿಯಾಗಿರುತ್ತದೆ, ಆಟ ಹೊಸದಾಗಿ ಕಟ್ಟಿಕೊಳ್ಳುವಾಗ ಮುಗ್ಗರಿಸಿಯೇ ತೀರುತ್ತದೆ. ಕಾರ್ಡನ್ನು ದೂರುವವರಲ್ಲಿ ಹಲವರು ನೋಡಿರುವುದು ಈ ಮೊದಲ ಗಂಟೆಯನ್ನೇ. ಇಪ್ಪತ್ತು ನಿಮಿಷ ಆಡಿಸಿ ಬಿಸಿ ಮಾಡಿ, ಒಂದೇ ಸೇವ್ ಪಾಯಿಂಟ್‌ನಿಂದ ಒಂದೇ ದಾರಿಯಲ್ಲಿ 60 ಸೆಕೆಂಡ್, ಮೂರು ಸಲ, ಫ್ರೇಮ್ ಅಳೆಯುವ ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ದಾಖಲಿಸಿ. ಸರಾಸರಿಗಿಂತ ಶೇ. 1 ಕನಿಷ್ಠ ಫ್ರೇಮ್ (ಅತಿ ನಿಧಾನದ ಶೇ. 1 ಚಿತ್ರಗಳ ವೇಗ) ನೋಡಿ. ಫ್ರೇಮ್ ಮಿತಿ ಹಾಕದಿದ್ದರೂ ಜಿಪಿಯು ಬಳಕೆ ಶೇ. 95ಕ್ಕಿಂತ ಕೆಳಗೇ ಇದ್ದರೆ ತಡೆ ಹೆಚ್ಚಾಗಿ ಪ್ರೊಸೆಸರಿನದು, ಅಲ್ಲಿ ಕಾರ್ಡ್ ಬದಲಿಸಿ ಉಪಯೋಗವಿಲ್ಲ.

ಎಎಂಡಿಯ ಡ್ರೈವರ್ ತಂತ್ರಾಂಶ ಆಡ್ರಿನಲಿನ್‌ನಲ್ಲಿ ಎಡ್ಜ್ (ಚಿಪ್ಪಿನ ಅಂಚು) ಮತ್ತು ಹಾಟ್‌ಸ್ಪಾಟ್ (ಅತಿ ಬಿಸಿಯ ಜಾಗ) ಎರಡೂ ಉಷ್ಣಾಂಶ ಕಾಣುತ್ತವೆ. ಅಂತರ 15-20 ಡಿಗ್ರಿ ಇದ್ದರೆ ಸಹಜ. 30 ದಾಟಿದರೆ ಹೀಟ್‌ಸಿಂಕ್ ಸಮನಾಗಿ ಕೂತಿಲ್ಲದಿರಬಹುದು, ಬಿಚ್ಚಲು ಹೋಗದೆ ವಾರಂಟಿಯಲ್ಲಿ ಬದಲಿಸಿಕೊಳ್ಳಿ.

ವಿದ್ಯುತ್ತೂ ಶಾಖವೂ ಕಡಿಮೆಯಾಗಲೆಂದು ವೋಲ್ಟೇಜ್ ಆಫ್‌ಸೆಟ್ ಅನ್ನು -30 ಎಂವಿಯಿಂದ ಶುರುಮಾಡಿ ಹತ್ತತ್ತು ಇಳಿಸುತ್ತ ಬರಬೇಕು. ಈ ಚಿಪ್ -70ರಲ್ಲಿ ಸಿಂಥೆಟಿಕ್ ಟೆಸ್ಟ್ ದಾಟಿತು, ಆದರೆ ರೇ ಟ್ರೇಸಿಂಗ್ ಇರುವ ಆಟದಲ್ಲಿ ಅರ್ಧ ಗಂಟೆಗೆ ಡ್ರೈವರ್ ಬಿದ್ದಿತು, -50ಕ್ಕೆ ನಿಲ್ಲಿಸಲಾಯಿತು. ಪ್ರತಿ ಚಿಪ್ಪಿನ ತಾಳಿಕೆ ಬೇರೆ, ಇನ್ನೊಬ್ಬರ ಅಂಕಿ ನೇರ ಹಾಕಬೇಡಿ. ಫ್ರೇಮ್ ಮಿತಿ 141: 144 ಹರ್ಟ್ಸ್‌ಗಿಂತ ಮೂರು ಕಡಿಮೆ ಇದ್ದರೆ ಮಾನಿಟರಿನ ವೇಗವನ್ನು ಫ್ರೇಮಿಗೆ ಹೊಂದಿಸುವ ಫ್ರೀಸಿಂಕ್ ತನ್ನ ವ್ಯಾಪ್ತಿಯೊಳಗೇ ಉಳಿಯುತ್ತದೆ, ಆಟದ ಮೆನುವಿನಲ್ಲಿ ನೂರಾರು ಫ್ರೇಮ್ ಓಡಿ ಕಾರ್ಡಿನ ಕಾಯಿಲ್ (ತಂತಿ ಸುರುಳಿ) ಕಿರುಗುಟ್ಟುವುದೂ ನಿಲ್ಲುತ್ತದೆ. ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಿದೆಯೇ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಆಯ್ಕೆಯಾಗಿದೆಯೇ ನೋಡಿ. ಕಾರ್ಡ್ ಬದಲಾದಾಗ ಅದು ಹೇಳದೆ ಕೇಳದೆ 60ಕ್ಕೆ ಮರಳಿರಬಹುದು.

ಕಾರ್ಡಿನ ಆಚೆ ತುದಿಗೆ ಆಸರೆಯ ಕಂಬ ಕೊಟ್ಟದ್ದು ಕೊನೆಯ ಕೆಲಸ. ಎತ್ತಿ ಹಿಡಿಯುವಷ್ಟು ಬಿಗಿ ಬೇಡ, ತಾಗಿದರೆ ಸಾಕು. ಹೆಚ್ಚು ಎತ್ತಿದರೆ ಅದೇ ತುದಿ ಮತ್ತೆ ಸ್ಲಾಟಿನಿಂದ ಮೇಲೇಳುತ್ತದೆ. ಕಂಬ ಇಟ್ಟ ಮೇಲೆ ರೆಂಡರ್ ಟೆಸ್ಟ್ ಇನ್ನೊಮ್ಮೆ: 3.0, 16 ಲೇನ್.